ಏಳನೆಯ ಹೆಸರು

ಅಲಿಸೋ
೨೩ ಫೆಬ್ರವರಿ ೧೯೮೬

ಶೈಲಜಾಳಿಗೆ,

ನಾನು ಓಡಿಬಂದಿಲ್ಲ. ಓಡಿಬರುವವರು ಕುಕ್ಕರ್ ತೊಳೆದು ಬೋರಲು ಹಾಕಿ ಬರುವುದಿಲ್ಲ. ಬುಧವಾರ ಮೈಥಿಲಿಯನ್ನು ಶಾಲೆಗೆ ಬಿಟ್ಟೆ. ಮಧ್ಯಾಹ್ನ ನೀವೇ ಮಗುವನ್ನು ಕರೆತರಬೇಕು ಎಂದು ಜಯರಾಮ್ ಅವರ ಆಫೀಸಿಗೆ ಫೋನ್ ಮಾಡಿ ಹೇಳಿದೆ. ಆಮೇಲೆ ಬಸ್ಸು ಹತ್ತಿದೆ. ಗಿಲ್‌ರಾಯ್‌ನಲ್ಲಿ ಇಳಿದು ಇನ್ನೊಂದು ಬಸ್ಸು. ಅಲ್ಲಿಂದ ಹನ್ನೆರಡು ಮೈಲಿ ಈ ಊರು.

ಕಾರಣ ನಿನಗೆ ಗೊತ್ತಿಲ್ಲವೆಂದು ನನಗೆ ಗೊತ್ತು. ಸಂಕ್ರಾಂತಿ ಊಟದಲ್ಲಿ ಆ ಮೈಸೂರಿನ ಡಾಕ್ಟರ್ ದಂಪತಿಗೆ ನನ್ನನ್ನು ತೋರಿಸಿ, "ನಮ್ಮವ್ವ. ಮೈಥಿಲೀನ ನೋಡ್ಕೊಳ್ಳೋಕೆ ಕರೆಸ್ಕೊಂಡಿದೀವಿ" ಅಂದೆ. ಪ್ಲಂಬರನ್ನು ಕರೆಸಿಕೊಳ್ಳುತ್ತಾರೆ. ಮೂವತ್ತೊಂದು ವರ್ಷ ಶಾಲೆಯಲ್ಲಿದ್ದೆ, ಅದರಲ್ಲಿ ಹದಿನಾಲ್ಕು ವರ್ಷ ಹೆಡ್ ಮಿಸ್ಟ್ರೆಸ್. ಆ ಡಾಕ್ಟರು ಅದನ್ನು ಕೇಳಲಿಲ್ಲ. ನೀನು ಹೇಳಲಿಲ್ಲ. ನಾನು ಪಾಯಸ ಬಡಿಸಿದೆ.

ಹೋದ ಅಕ್ಟೋಬರಿನಲ್ಲಿ ಹಣ್ಣು ಕೊಳ್ಳಲು ಈ ಕಡೆ ಬಂದಾಗ ಹೈವೇ ಪಕ್ಕದ ಅಂಗಡಿಯಲ್ಲಿ ಒಬ್ಬಳು ನನ್ನ ಕೈಯಿಂದ ಚೀಲ ಇಸಿದುಕೊಂಡು ತಾನೇ ತುಂಬಿಸಿದಳಲ್ಲ, ಅವಳ ಹೆಸರು ಇಡುನ್. ಅವತ್ತೇ ಚೀಲದ ಮೇಲೆ ವಿಳಾಸ ಬರೆದುಕೊಟ್ಟಿದ್ದಳು: ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ, ಬೆಳಗ್ಗೆ ಅಂಗಡಿಯಲ್ಲಿ ಕೂರುವವರು ಬೇಕು. ಚೀಲವನ್ನು ನಾನು ಎಸೆದಿರಲಿಲ್ಲ.

ಈ ಮನೆಯವರು ಯಾರೆಂದು ಊರಿಗೆಲ್ಲ ಗೊತ್ತು. ಉತ್ತರದ ಹಿಮದ ದೇಶಗಳಲ್ಲಿ ಹಿಂದೆ ಜನ ಪೂಜೆ ಮಾಡುತ್ತಿದ್ದ ದೇವರು. ಪೂಜೆ ನಿಂತು ಸಾವಿರ ವರ್ಷವಾಯಿತು, ಇವರು ನಿಲ್ಲಲಿಲ್ಲ. ಯಜಮಾನರು ಓಡಿನ್. ಒಂದು ಕಣ್ಣು ಇಲ್ಲ, ಹೆಗಲಿಗೆ ಎರಡು ಕಾಗೆ. ದಿನವೂ ಬೆಳಗ್ಗೆ ಡೋನಟ್ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಒಗಟು ಹಾಕುತ್ತಾರೆ. ಹೆಂಡತಿ ಫ್ರಿಗ್ ಅಮ್ಮನಿಗೆ ಮುಂದಾಗುವುದೆಲ್ಲ ಗೊತ್ತು, ಹೇಳುವುದಿಲ್ಲ. ಮಗ ಥಾರ್ ಛಾವಣಿ ರಿಪೇರಿ ಮಾಡುತ್ತಾನೆ, ಸುತ್ತಿಗೆ ಅವನದೇ. ಅವನಿಗೆ ಸಿಟ್ಟು ಬಂದರೆ ಮೋಡವಿಲ್ಲದೆ ಗುಡುಗುತ್ತದೆ. ಹಿತ್ತಿಲಲ್ಲಿ ಎರಡು ಆಡು ಕಟ್ಟಿದ್ದಾನೆ. ರಾತ್ರಿ ಕೊಯ್ದು ತಿನ್ನುತ್ತಾನೆ, ಬೆಳಗ್ಗೆ ಅವು ಎದ್ದು ಹಿತ್ತಿಲ ಕೊತ್ತಂಬರಿ ಮೇಯುತ್ತವೆ. ಅದು ಮಾಂಸಾಹಾರವೋ ಅಲ್ಲವೋ ಎಂದು ನಾನಿನ್ನೂ ತೀರ್ಮಾನಿಸಿಲ್ಲ. ನನ್ನ ಒಲೆ ಬೇರೆ. ಹೈಮ್‌ಡಾಲ್ ಎಂಬ ಇನ್ನೊಬ್ಬ ಮಗ, ಕಾವಲಿನ ದೇವರು. ಹುಲ್ಲು ಬೆಳೆಯುವ ಸದ್ದು ಅವನಿಗೆ ಕೇಳುತ್ತದಂತೆ. ಶಾಲೆಯ ಮುಂದೆ ಸ್ಟಾಪ್ ಫಲಕ ಹಿಡಿದು ಮಕ್ಕಳಿಗೆ ರಸ್ತೆ ದಾಟಿಸುವುದು ಅವನ ಕೆಲಸ. ಇಡುನ್ ಈ ಮನೆಯ ಸೊಸೆ; ಅವಳ ಗಂಡ, ಕಿರಿಯ ಮಗ, ಹಾಡು ಹೇಳುತ್ತ ಊರೂರು ತಿರುಗುತ್ತಾನಂತೆ, ಇಲ್ಲಿಲ್ಲ. ಆರನೆಯವನು ಟೀರ್, ಅವನೂ ಮಗನೇ, ಹೆಚ್ಚು ಮಾತಾಡುವುದಿಲ್ಲ.

ನೀನು ನಗುತ್ತೀ. ನಮ್ಮ ಕಡೆ ದೇವರು ಬಸ್ ಸ್ಟ್ಯಾಂಡಿನ ಹಿಂದೆ, ಹಿಟ್ಟಿನ ಗಿರಣಿಯ ಪಕ್ಕ ಇರುತ್ತಾರೆ. ಇವರು ಮಂಗಳವಾರ ಕಸದ ಡಬ್ಬಿಯನ್ನು ತಾವೇ ರಸ್ತೆಗೆ ತಂದಿಡುತ್ತಾರೆ. ಅಷ್ಟೇ ವ್ಯತ್ಯಾಸ.

ನನ್ನ ಪಾಸ್‌ಪೋರ್ಟು, ಗ್ರೀನ್ ಕಾರ್ಡು ನಿನ್ನ ಬ್ಯಾಂಕಿನ ಲಾಕರಿನಲ್ಲಿವೆ. ಕಳಿಸು. ನೀನು ಬರಬೇಡ.

ನಿನ್ನ ಅವ್ವ
ನೀಲವ್ವ

*

ಮಿಲ್ಪಿಟಾಸ್
೨ ಮಾರ್ಚ್ ೧೯೮೬

ಅವ್ವಾ,

ಫೋನ್ ನಂಬರ್ ಕೂಡ ಬರೆದಿಲ್ಲ ನೀನು. ನಿನ್ನ ಪತ್ರ ಬರೋವರೆಗೂ ಪೊಲೀಸಿಗೆ ಹೇಳೋದೋ ಬೇಡ್ವೋ ಅಂತ ನಾವಿಬ್ರೂ ಒದ್ದಾಡಿದೀವಿ. ಕುಕ್ಕರ್ ತೊಳೆದಿಟ್ಟಿದ್ದೆ, ಸರಿ. ಥ್ಯಾಂಕ್ಸ್.

ಒಂದು ಮಾತಿಗೆ ಇಷ್ಟಾ? ಪಾರ್ಟೀಲಿ ನಿಂತ್ಕೊಂಡು ಆಡಿದ ಒಂದು ಮಾತು. ನಿನ್ನ ಸರ್ವಿಸ್ ರೆಕಾರ್ಡ್ ಎಲ್ಲಾ ಹೇಳ್ಬೇಕಿತ್ತಾ ನಾನು? ಇಲ್ಲಿ ಯಾರಿಗೂ ಯಾರ ಹಿಸ್ಟರೀನೂ ಬೇಡ ಅವ್ವಾ. ನನ್ನನ್ನೂ ಯಾರೂ ಕೇಳಲ್ಲ. ಎಂಟು ವರ್ಷದಿಂದ ಅದೇ ಲ್ಯಾಬಲ್ಲಿ ಕೂತಿದೀನಿ, ನನ್ನ ಹೆಸರನ್ನ ನೆಟ್ಟಗೆ ಹೇಳೋರು ಇಬ್ರು.

ಮೈಥಿಲಿ ಈಗ ಸ್ಕೂಲಿಂದ ಪಕ್ಕದ ಮನೆಗೆ ಹೋಗ್ತಾಳೆ. ನಾನು ಆರೂವರೆಗೆ ಬಂದು ಕರ್ಕೊಂಡು ಬರ್ತೀನಿ, ಫ್ರೀವೇ ಬ್ಲಾಕ್ ಆದ ದಿನ ಏಳೂವರೆ. "ವೇರ್ ಈಸ್ ಅಜ್ಜಿ" ಅಂತಾಳೆ. ದೇವರ ಮನೇಲಿದಾರೆ ಅಂದ್ರೆ ಸತ್ತುಹೋದ್ರು ಅಂದ್ಕೊಂಡ್ಳು. ಒಂದು ಗಂಟೆ ಅತ್ಲು.

ಅವರು ಯಾರಾದ್ರೂ ಆಗಿರ್ಲಿ, ನನಗೇನೂ ಇಲ್ಲ. ಜಯರಾಮ್ ಆಫೀಸಲ್ಲಿ ಒಬ್ಬ ಅದೇ ಕಡೆಯವನು, ಮನೆ ರೂಫ್ ಆ ಥಾರ್ ಕೈಲೇ ಹಾಕಿಸಿದ್ದಂತೆ, ಕೆಲಸ ಚೆನ್ನಾಗಿದೆ ಅಂದ. ಆದ್ರೆ ದೇವರ ಜೊತೇಲೇ ಇರ್ಬೇಕು ಅಂದ್ರೆ ನಮ್ಮನೆ ಕ್ಲಾಸೆಟ್ಟಲ್ಲಿ ದೇವರ ಗೂಡು ಇರ್ಲಿಲ್ವಾ?

ಪಾಸ್‌ಪೋರ್ಟು ಲಾಕರಲ್ಲಿ ಸೇಫಾಗಿದೆ. ಬಂದಾಗ ಕೊಡ್ತೀನಿ.

ಶೈಲಜಾ

*

ಅಲಿಸೋ
೨೦ ಏಪ್ರಿಲ್ ೧೯೮೬

ಶೈಲಜಾಳಿಗೆ,

ಇದರೊಂದಿಗೆ ಮೈಥಿಲಿಗೆ ಒಂದು ಕಾಗೆಯ ಗರಿ ಇಟ್ಟಿದ್ದೇನೆ. ನಾನು ಸತ್ತಿಲ್ಲ ಎಂದು ಹೇಳು.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಹೆಸರನ್ನು ನೆಟ್ಟಗೆ ಹೇಳುವವರು ಇಬ್ಬರೇ ಎಂದು ನನಗೆ ನೀನು ಇದುವರೆಗೆ ಹೇಳಿರಲಿಲ್ಲ. ಒಂದೇ ಮನೆಯಲ್ಲಿದ್ದಾಗ ನಾವು ಹಾಲು, ಲಾಂಡ್ರಿ ಇಷ್ಟನ್ನೇ ಮಾತಾಡಿದೆವು.

ಇಲ್ಲಿ ಒಂದು ತಪ್ಪು ಮಾಡಿದೆ. ಬಂದ ಮೊದಲ ವಾರ ಟೀರ್ ನನ್ನ ಕೋಣೆಯ ಬೀಗದ ಕೈಯನ್ನು ಎಡಗೈಯಲ್ಲಿ ಚಾಚಿದ. ಬಲಗೈ ಕೋಟಿನ ಜೇಬಿನಲ್ಲಿತ್ತು. ನಾನು ತೆಗೆದುಕೊಳ್ಳಲಿಲ್ಲ. ಇವರೆಲ್ಲ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ನಾನು ನಮ್ಮ ಕಡೆಯ ಮಾತಿನಲ್ಲಿ ಬರೆಯುತ್ತೇನೆ, ಇವರ ಬಾಯಿಗೆ ಅದೇ ಹೊಂದುತ್ತದೆ. ನನ್ನನ್ನು ಟೀಚರ್ ಎಂದು ಕರೆಯುವುದನ್ನು ಅಕ್ಕೋರ ಎಂದು ಬರೆದಿದ್ದೇನೆ.

"ಎಡಗೈಲೆ ಕೊಡಬಾರದು. ಬಲಗೈಲೆ ಕೊಡಪಾ" ಅಂದೆ, ಮೂರನೇ ಇಯತ್ತೆಯ ಹುಡುಗನಿಗೆ ಹೇಳಿದ ಹಾಗೆ.

"ಬಲಗೈ ಇಲ್ರಿ ಅಕ್ಕೋರ."

"ಎಲ್ಲಿ ಹೋತು?"

"ತೋಳ ಕಡಿತು."

ಜೇಬಿನಿಂದ ಹೊರಗೆ ತೆಗೆದ. ಮಣಿಕಟ್ಟಿಗೇ ಮುಗಿದಿತ್ತು. ಮನೆಯವರೆಲ್ಲ ಊಟದ ಮೇಜಿನ ಸುತ್ತ ಇದ್ದರು. ಯಾರೂ ತಲೆ ಎತ್ತಲಿಲ್ಲ.

ಆಮೇಲೆ ಅವನೇ ಹೇಳಿದ. ಒಂದು ತೋಳ ಇವರ ಅಂಗಳದಲ್ಲೇ ಬೆಳೆಯಿತು. ದೊಡ್ಡದಾದ ಮೇಲೆ ಇವರಿಗೆ ಹೆದರಿಕೆ. ಆಟಕ್ಕೆಂದು ಹೇಳಿ ಕಟ್ಟಿಹಾಕಲು ನೋಡಿದರು. ತೋಳ ಕೇಳಿತು: ಬಿಚ್ಚುತ್ತೀರಿ ಎಂಬುದಕ್ಕೆ ನಿಮ್ಮಲ್ಲಿ ಒಬ್ಬರು ನನ್ನ ಬಾಯಲ್ಲಿ ಕೈ ಇಡಿ. ಬಿಚ್ಚುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಇವನು ಇಟ್ಟ. "ಅದರ ತಪ್ಪಿಲ್ರಿ. ಮಾತು ಮುರದವರು ನಾವು" ಅಂದ. ಈಗ ಊರ ನಡುವೆ ಹಾರ್ಡ್‌ವೇರ್ ಅಂಗಡಿಯ ಪಕ್ಕ ನೋಟರಿ ಆಫೀಸು ಇಟ್ಟಿದ್ದಾನೆ. ಪ್ರಮಾಣ ಮಾಡಿಸಿ ಎಡಗೈಯಿಂದ ಮುದ್ರೆ ಒತ್ತುತ್ತಾನೆ. ಇವನ ಮುದ್ರೆ ಇದ್ದ ಕಾಗದವನ್ನು ಈ ಊರಲ್ಲಿ ಯಾರೂ ಎರಡನೆಯ ಸಲ ಓದುವುದಿಲ್ಲ.

ನನಗೆ ಒಂದು ವಾರ ಅವನ ಮುಖ ನೋಡಲಾಗಲಿಲ್ಲ. ಒಂದು ದಿನ ಬೆಳಗ್ಗೆ ಲಿಂಗಪೂಜೆಗೆ ಕೂತಿದ್ದೆ, ಬಾಗಿಲು ಹಾಕುವುದು ಮರೆತಿತ್ತು. ಎಡ ಅಂಗೈಯಲ್ಲಿ ಲಿಂಗ, ಬಲಗೈಯಲ್ಲಿ ವಿಭೂತಿ. ಅವನು ಹೊಸ್ತಿಲಾಚೆ ನಿಂತು ಎಡ ಅಂಗೈಯನ್ನೇ ನೋಡುತ್ತಿದ್ದ. ಪೂಜೆ ಮುಗಿಯುವವರೆಗೆ ನಿಂತಿದ್ದು ಹೋದ. ಅಂದಿನಿಂದ ಅವನು ಉಪ್ಪಿನ ಡಬ್ಬಿ ಚಾಚಿದರೆ ಇಸಿದುಕೊಳ್ಳುತ್ತೇನೆ.

ಪಾಸ್‌ಪೋರ್ಟು ಸೇಫಾಗಿದೆ ಎಂದು ಬರೆದಿದ್ದೀ. ಅದು ಸೇಫಾಗಿರಬೇಕೆಂದು ನಾನು ಕೇಳಿರಲಿಲ್ಲ.

ಅವ್ವ

*

ಅಲಿಸೋ
೪ ಜೂನ್ ೧೯೮೬

ಶೈಲಜಾ,

ಕೆಲಸದ ಪತ್ರ ಇದು. ನಮ್ಮ ರಸ್ತೆಯ ಎದುರು ಸಾಲಿಗೆ ಹೊಸ ಟೌನ್‌ಹೌಸುಗಳು ಬಂದಿವೆ. ಅಲ್ಲಿಯವರು ಊರ ಕಚೇರಿಗೆ ದೂರು ಕೊಟ್ಟಿದ್ದಾರೆ: ಗುಡುಗು, ಆಡು, ಕಸದ ಡಬ್ಬಿ ಕೆದಕುವ ಕಾಗೆ. ಅವಕ್ಕೆಲ್ಲ ನಿಯಮವಿಲ್ಲವಂತೆ. ಇರುವ ನಿಯಮ ಒಂದೇ: ಈ ಬಡಾವಣೆಯಲ್ಲಿ ಒಂದು ಮನೆಗೆ ಒಂದು ಕುಟುಂಬ. ಬಾಗಿಲಿಗೆ ನೋಟೀಸು ಅಂಟಿಸಿ ಹೋಗಿದ್ದಾರೆ. ಯಾರು ಯಾರಿಗೆ ಏನಾಗಬೇಕು ಎಂದು ತೋರಿಸಬೇಕು. ತೋರಿಸದಿದ್ದರೆ ಎಲ್ಲರೂ ಹೊರಗೆ. ಇದೇ ಇಪ್ಪತ್ತಾರಕ್ಕೆ ವಿಚಾರಣೆ.

ಇವರಿಗೆ ಕಾಗದ ತುಂಬಿ ಗೊತ್ತಿಲ್ಲ. ಥಾರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೆಳಗಿಟ್ಟ. ನಾನು ಕನ್ನಡಕ ಹಾಕಿಕೊಂಡೆ. ಶೈಲಜಾ, ಎಷ್ಟು ದಿನದ ಮೇಲೆ ನನ್ನ ಮುಂದೆ ಒಂದು ಫಾರ್ಮು, ಸುತ್ತ ಜನ! ಒಬ್ಬೊಬ್ಬರನ್ನೇ ಕರೆದು ನಿಲ್ಲಿಸಿ ಬರೆದೆ. ಹೆಸರು, ತಂದೆಯ ಹೆಸರು. ಹುಟ್ಟಿದ ತಾರೀಖು ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಹೈಮ್‌ಡಾಲ್, "ಒಂಬತ್ತು ಮಂದಿ ತಾಯಂದಿರು ಅದಾರ, ಯಾವಾಕಿ ದಿನ ಬರೀಲಿ?" ಅಂದ. ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಬರೆದಿಲ್ಲ! ಹಾಗೆಯೇ ಎಲ್ಲರಿಗೂ ಜೂನ್ ಒಂದು ಬರೆದೆ. ವರ್ಷ ಮುಖ ನೋಡಿ ಹಾಕಿದೆ. ನನ್ನದೂ ಮೊದಲಿಂದ ಜೂನ್ ಒಂದೇ.

ಏಳನೆಯ ಹೆಸರು ನನ್ನದು. ಸಂಬಂಧ ಎಂಬ ಕಡೆ ಪೆನ್ನು ನಿಂತಿತು. ಯಜಮಾನರು ಒಂದು ಕಣ್ಣಲ್ಲೇ ನಕ್ಕು, "ತಂಗಿ ಅಂತ ಬರೀರಿ ಅಕ್ಕೋರ" ಅಂದರು. ಬರೆದೆ. ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕ ಕೂತವಳೂ ತಂಗಿಯೇ. ಟೀರ್ ಮುಂದೆ ಮುದ್ರೆಗೆಂದು ಹಿಡಿದೆ. "ನನ್ನ ಮನೀ ಕಾಗದಕ್ಕ ನಾನ ಮುದ್ರಿ ಒತ್ತಂಗಿಲ್ರಿ" ಎಂದು ಓದದೆ ಆಚೆ ಸರಿಸಿದ. ನೋಟರಿಗೆ ಬೇರೆ ಊರಿಗೆ ಹೋಗಿಬಂದೆವು.

ನಾನು ಈ ಮನೆಯಲ್ಲಿ ಉಳಿಯಬೇಕು. ಇದನ್ನು ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ಕೋಣೆಗೆ ಒಳಗಿನಿಂದ ಚಿಲಕವಿದೆ, ಬೆಳಗ್ಗೆ ಹೋಗಲು ಒಂದು ಅಂಗಡಿಯಿದೆ, ಸಂಜೆ ನನ್ನೊಡನೆ ಜಗಳಾಡುವ ಜನ ಇದ್ದಾರೆ. ವಿಚಾರಣೆಗೆ ಗುರುತಿನ ಕಾಗದ ಬೇಕು. ಪಾಸ್‌ಪೋರ್ಟು ಕಳಿಸು.

ಅವ್ವ

*

ಮಿಲ್ಪಿಟಾಸ್
೧೦ ಜೂನ್ ೧೯೮೬

ಅವ್ವಾ,

ನೀನು ಏನು ಮಾಡಿದೀಯ ಗೊತ್ತಾ? ಅದು ಅಫಿಡವಿಟ್ಟು. ಅದು ಶಾಲೆ ರಿಜಿಸ್ಟರ್ ಅಲ್ಲ. ಏಳು ಜನಕ್ಕೂ ಜೂನ್ ಒಂದು ಅಂದ್ರೆ ಯಾರಾದ್ರೂ ನಂಬ್ತಾರಾ? ಜಯರಾಮ್ ಒಬ್ಬ ಲಾಯರ್‌ನ ಕೇಳಿದ್ರು. ಸುಳ್ಳು ಡಿಕ್ಲರೇಶನ್ ಅಂತಾದ್ರೆ ನಿನ್ನ ಗ್ರೀನ್ ಕಾರ್ಡಿಗೇ ತೊಂದ್ರೆ ಆಗ್ಬಹುದು ಅಂದ್ರಂತೆ. ವಾಪಸ್ ತಗೋ ಆ ಫಾರ್ಮನ್ನ. ತಗೊಂಡು ಮನೆಗೆ ಬಾ. ಬಂದ ದಿನವೇ ಪಾಸ್‌ಪೋರ್ಟ್ ಕೈಗೆ ಕೊಡ್ತೀನಿ.

ಇನ್ನೊಂದು ವಿಷಯ. ಹೋದ ಸೋಮವಾರ ಆಫೀಸಲ್ಲಿ ನನಗೆ ಕೇಕ್ ತರಿಸಿದ್ರು. ಭಾನುವಾರ ನನ್ನ ಹುಟ್ಟುಹಬ್ಬ ಆಗಿತ್ತಂತೆ. ಜೂನ್ ಒಂದು, ೧೯೪೯. ಪಾಸ್‌ಪೋರ್ಟಲ್ಲಿ, ಲೈಸೆನ್ಸಲ್ಲಿ, ಮದುವೆ ಸರ್ಟಿಫಿಕೇಟಲ್ಲಿ ಅದೇ ಇದೆ. ಎಲ್ಲರೂ ಹಾಡು ಹೇಳ್ತಾರೆ, ನಾನು ಉಫ್ ಅಂತ ಊದ್ತೀನಿ. ನಾನು ನಿಜವಾಗ್ಲೂ ಹುಟ್ಟಿದ್ದು ಯಾವತ್ತು ಅಂತ ಚಿಕ್ಕವಳಿದ್ದಾಗ ಎಷ್ಟು ಸಲ ಕೇಳಿದೀನಿ. "ಹೋಗು ಓದ್ಕೋ ಹೋಗು" ಅಂತಿದ್ದೆ. ಊರ ಮಕ್ಕಳಿಗೆಲ್ಲ ಬರೆದೆ ಸರಿ, ಅವರಪ್ಪ ಅಮ್ಮಂಗೆ ಗೊತ್ತಿರ್ಲಿಲ್ಲ. ನಿನಗೆ ಗೊತ್ತಿತ್ತಲ್ಲ? ನಿನ್ನ ಹೊಟ್ಟೇಲೇ ಹುಟ್ಟಿದ್ದಲ್ವಾ ನಾನು?

ಆ ದೇವರುಗಳ ಸಾಲಲ್ಲಿ ನನ್ನನ್ನೂ ನಿಲ್ಲಿಸಿಬಿಟ್ಟಿದೀಯ ನೀನು.

ಶೈಲಜಾ

*

ಅಲಿಸೋ
೨ ಜುಲೈ ೧೯೮೬

ಶೈಲಜಾಳಿಗೆ,

ವಿಚಾರಣೆ ಮುಗಿಯಿತು. ಆರು ಜನ ಉಳಿದರು. ನಾನು ಇದೇ ಮೂವತ್ತೊಂದರೊಳಗೆ ಹೋಗಬೇಕು. ಆರು ದಿನ ಪೆನ್ನು ಹಿಡಿಯಲಾಗಲಿಲ್ಲ, ಸಿಟ್ಟು ಇತ್ತು.

ಕಚೇರಿಯ ಹಾಲಿನಲ್ಲಿ ಮಡಚುವ ಕುರ್ಚಿ ಹಾಕಿದ್ದರು. ಒಂದು ಕಡೆ ಟೌನ್‌ಹೌಸಿನವರು, ಇನ್ನೊಂದು ಕಡೆ ನಾವು. ಅಧಿಕಾರಿ ನನ್ನ ಫಾರ್ಮನ್ನು ಓದುತ್ತ ಹೋದ. ಮೂರನೆಯ ಹೆಸರಿಗೆ ಅವನ ಹುಬ್ಬು ಏರಿತು. ಏಳನೆಯದಕ್ಕೆ ಎದುರು ಸಾಲು ನಗಲು ಶುರುಮಾಡಿತು.

"ಎಲ್ಲರೂ ಜೂನ್ ಒಂದಕ್ಕೇ ಹುಟ್ಟಿದ್ದೋ?"

ನಾನು ಎದ್ದು ನಿಂತೆ. ನಾನೇ ಬರೆದದ್ದು ಎಂದೆ.

"ಇದು ನಿಜವೇ?"

"ನಿಜವಲ್ಲ. ಯಾವತ್ತು ಹುಟ್ಟಿದರು ಎಂದು ಯಾರಿಗೂ ಗೊತ್ತಿಲ್ಲ. ನಿಮ್ಮ ಫಾರ್ಮಿನಲ್ಲಿ ಗೊತ್ತಿಲ್ಲ ಎಂದು ಬರೆಯಲು ಜಾಗವಿಲ್ಲ. ನಮ್ಮ ಊರಲ್ಲಿ ಆ ಕಾರಣಕ್ಕೆ ಮಕ್ಕಳನ್ನು ಶಾಲೆಯಿಂದ ಹೊರಗೆ ಕಳಿಸುತ್ತಿರಲಿಲ್ಲ. ಒಂದು ದಿನ ಕೊಟ್ಟು ಒಳಗೆ ಕೂರಿಸುತ್ತಿದ್ದೆವು."

ನಗು ನಿಂತಿತು, ಆದರೆ ಅಧಿಕಾರಿ ಪೆನ್ನು ಕೆಳಗಿಟ್ಟ. ಹಾಗಾದರೆ ಇದರಲ್ಲಿ ನಂಬುವಂಥದ್ದು ಏನಿದೆ ಎಂದು ಕೇಳಿದ. ಥಾರ್‌ನ ಕತ್ತು ಕೆಂಪಾಯಿತು, ಕಿಟಕಿಯ ಗಾಜು ನಡುಗಿತು. ಫ್ರಿಗ್ ಅಮ್ಮ ಅವನ ಮೊಣಕಾಲ ಮೇಲೆ ಕೈಯಿಟ್ಟರು.

ಆಗ ಅಧಿಕಾರಿ ಟೀರ್‌ನನ್ನು ಕರೆದ. ಊರ ನೋಟರಿ, ಇವನ ಮಾತಾದರೆ ಸಾಕು ಎಂದ. ಬಲಗೈ ಎತ್ತಿ ಪ್ರಮಾಣ ಮಾಡಿ ಅಂದ. ಅಂದ ಮೇಲೆ ಅವನಿಗೇ ನೆನಪಾಯಿತು. ಟೀರ್ ಎಡಗೈ ಎತ್ತಿದ. ಯಾರೂ ಆಕ್ಷೇಪಿಸಲಿಲ್ಲ.

ಇವರು ನಿಮ್ಮ ತಂದೆಯೇ? ಹೌದು. ಇವರು ಅವರ ಹೆಂಡತಿಯೇ? ಹೌದು. ಇವನು? ಅಣ್ಣ. ಅವನು? ಅವನೂ. ಇವಳು? ತಮ್ಮನ ಹೆಂಡತಿ.

"ಈ ಹೆಂಗಸು? ನಿಮ್ಮ ತಂದೆಗೆ ತಂಗಿಯೇ?"

ಹಿಂದಿನ ಸಂಜೆ ಯಜಮಾನರು ಅವನಿಗೆ ಹೇಳಿದ್ದನ್ನು ನಾನೇ ಕೇಳಿದ್ದೆ. "ಒಂದ ಮಾತು ಮಗನ. ಹೌದು ಅನ್ನು, ಮನೀಗೆ ಬಾ." ಅವನು ನನ್ನ ಕಡೆ ನೋಡಿದ. ಎಡಗೈ ಇನ್ನೂ ಮೇಲೇ ಇತ್ತು.

"ಅಲ್ಲ" ಅಂದ.

"ಕುಟುಂಬದವಳೇ?"

"ಅಲ್ಲ."

ಅಧಿಕಾರಿ ಆರು ಹೆಸರಿಗೆ ಗುರುತು ಹಾಕಿ ಏಳನೆಯದನ್ನು ಹೊಡೆದು ಹಾಕಿದ. ನನ್ನ ಕಾರ್ಡಿನ ತನಕ ಹೋಗುವುದಿಲ್ಲ, ಫಾರ್ಮನ್ನು ವಾಪಸು ಪಡೆದ ಹಾಗೆ ಬರೆದುಕೊಳ್ಳುತ್ತೇನೆ ಎಂದ. ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರೇ ಇಂಥ ಕೆಲಸಕ್ಕೆ ಸಿಗುತ್ತಾರೆ.

ಮೂರು ದಿನ ಟೀರ್ ಜೊತೆ ಮಾತಾಡಲಿಲ್ಲ. ಅವನ ತಟ್ಟೆಗೆ ನಾನು ರೊಟ್ಟಿ ಹಾಕಲಿಲ್ಲ. ಅವನೂ ಸಮಜಾಯಿಷಿ ಹೇಳಲಿಲ್ಲ. ನಾಲ್ಕನೆಯ ದಿನ ಅಂಗಡಿಯಲ್ಲಿ ಪ್ಲಮ್ ಹಣ್ಣು ಆರಿಸುತ್ತಿದ್ದಾಗ ಹೊಳೆಯಿತು. ನನ್ನ ವಿಷಯಕ್ಕೆ ಅಲ್ಲ ಅಂದವನಾದ್ದರಿಂದಲೇ ಉಳಿದವರ ವಿಷಯಕ್ಕೆ ಹೌದು ಅಂದದ್ದನ್ನು ನಂಬಿದರು. ಅಷ್ಟೇ ಅಲ್ಲ. ಮನೆಯವರಿಗಾಗಿ ಒಂದು ಸುಳ್ಳಿಗೆ ನಿಂತು ಅವನು ಒಂದು ಕೈ ಕೊಟ್ಟಿದ್ದಾನೆ. ಇನ್ನೊಂದನ್ನು ನನಗಾಗಿ ಇಡಲಿ ಎಂದು ನಾನು ಯಾವ ಧೈರ್ಯದಿಂದ ಕಾದೆ? ಸಂಜೆ ರೊಟ್ಟಿ ಹಾಕಿದೆ.

ಈಗ ನಿನ್ನ ಪ್ರಶ್ನೆ.

೧೯೫೦, ಆಗಸ್ಟ್ ಇಪ್ಪತ್ತೊಂದು. ಶ್ರಾವಣದ ಎರಡನೆಯ ಸೋಮವಾರ, ಬೆಳಗ್ಗೆ ಆರೂಕಾಲು. ನಿಮಿಷದ ತನಕ ಗೊತ್ತು, ಎದುರಿಗೇ ಗೋಡೆ ಗಡಿಯಾರವಿತ್ತು. ಕಾಗದದಲ್ಲಿರುವುದಕ್ಕಿಂತ ನೀನು ಒಂದು ವರ್ಷದ ಮೇಲೆ ಚಿಕ್ಕವಳು.

೫೪ರಲ್ಲಿ ನನಗೆ ಅಣ್ಣಿಗೇರಿಯಲ್ಲಿ ಮಾಸ್ತರಿಕೆ ಸಿಕ್ಕಿತು. ನಿನ್ನ ಅಪ್ಪ ಬೆಳಗಾವಿಯಲ್ಲಿದ್ದರು. ನಾನು ನೌಕರಿ ಬಿಡಲಿ ಎಂದು ಅವರ ಮನೆಯಿಂದ ಯಾರೂ ನಿನ್ನನ್ನು ನೋಡಿಕೊಳ್ಳಲು ಬರಲಿಲ್ಲ. ಒಂದು ವರ್ಷ ನೆರೆಮನೆಯ ಬಂಗಾರೆವ್ವ ನೋಡಿಕೊಂಡಳು. ಆಕೆ ಊರು ಬಿಟ್ಟಳು. ನಿನ್ನನ್ನು ಒಳಗಿಟ್ಟು ಬೀಗ ಹಾಕಿ ಶಾಲೆಗೆ ಹೋದೆ, ಹನ್ನೊಂದು ದಿನ. ಹನ್ನೆರಡನೆಯ ದಿನ ಕಿಟಕಿಯ ಸರಳು ಹಿಡಿದು ನಿಂತಿದ್ದೆ ನೀನು. ಅಳುತ್ತಿರಲಿಲ್ಲ. ಅಳುತ್ತಿದ್ದರೆ ಬಹುಶಃ ನೌಕರಿ ಬಿಡುತ್ತಿದ್ದೆ. ಜೂನಿನಲ್ಲಿ ಹೆಡ್ ಮಾಸ್ತರರು ಇಲ್ಲದ ಮಧ್ಯಾಹ್ನ ನೋಡಿ ರಿಜಿಸ್ಟರು ತೆಗೆದೆ. ಆರು ತುಂಬಿರಬೇಕಿತ್ತು, ನಿನಗೆ ಐದೂ ತುಂಬಿರಲಿಲ್ಲ. ೧-೬-೧೯೪೯ ಎಂದು ಬರೆದು ನಿನ್ನನ್ನು ನನ್ನದೇ ಕ್ಲಾಸಿನ ಮುಂದಿನ ಸಾಲಿನಲ್ಲಿ ಕೂರಿಸಿದೆ. ನಾನು ಬರೆದ ಮೊದಲ ಜೂನ್ ಒಂದು ಅದೇ. ಉಳಿದವರದೆಲ್ಲ ಆಮೇಲೆ ಸುಲಭವಾಯಿತು.

ಕ್ಷಮೆ ಕೇಳುತ್ತಿಲ್ಲ. ಇನ್ನೊಮ್ಮೆ ಅದೇ ಸ್ಥಿತಿ ಬಂದರೆ ಅದನ್ನೇ ಬರೆಯುತ್ತೇನೆ. ಆದರೆ ನೀನು ಕೇಳಿದಾಗ ಹೇಳಬೇಕಿತ್ತು. ಅದು ತಪ್ಪು.

ಮಿಲ್ಪಿಟಾಸಿಗೆ ಬರುವುದಿಲ್ಲ. ಇದನ್ನೂ ಹೇಳಿಬಿಡುತ್ತೇನೆ, ಈ ಪತ್ರ ಓದಿ ನೀನು ಬೇರೇನಾದರೂ ಅಂದುಕೊಳ್ಳಬಾರದು.

ಅವ್ವ

*

ಮಿಲ್ಪಿಟಾಸ್
೧೯ ಜುಲೈ ೧೯೮೬

ಅವ್ವಾ,

ನಿನ್ನ ಪತ್ರ ಪಾರ್ಕಿಂಗ್ ಲಾಟಲ್ಲಿ ಕಾರಲ್ಲೇ ಕೂತು ಓದಿದೆ. ಆಮೇಲೆ ಮೀಟಿಂಗಿಗೆ ಹೋದೆ. ಮೀಟಿಂಗಲ್ಲಿ ಏನು ಮಾತಾಡಿದ್ರೋ ಗೊತ್ತಿಲ್ಲ.

ಕಿಟಕಿ ನೆನಪಿದೆ. ಅದು ಕನಸು ಅಂದ್ಕೊಂಡಿದ್ದೆ ಇಷ್ಟು ವರ್ಷ.

ಪಾಸ್‌ಪೋರ್ಟು, ಗ್ರೀನ್ ಕಾರ್ಡು ಎರಡೂ ಇದರಲ್ಲಿದೆ, ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸ್ತಿದೀನಿ. ಕಂಡೀಷನ್ ಏನೂ ಇಲ್ಲ. ಲಾಕರಲ್ಲಿ ಇಟ್ಟಿದ್ದು ಕಳೆದುಹೋಗ್ಬಾರ್ದು ಅಂತ ಮಾತ್ರ ಅಲ್ಲ, ಅದು ನನಗೂ ಗೊತ್ತಿತ್ತು. ಬರೆಯೋದಕ್ಕೆ ಇಷ್ಟು ದಿನ ಬೇಕಾಯ್ತು.

ಮೈಥಿಲಿಗೆ ಡೇಕೇರ್ ಸಿಕ್ಕಿದೆ. ಮೊದಲ ದಿನ ಅವಳೂ ಅಳಲಿಲ್ಲ. ನನಗೆ ಅದೇ ಹೆದರಿಕೆ ಆಯ್ತು, ಹಿಂದಕ್ಕೆ ಹೋಗಿ ಇನ್ನೊಂದು ಸಲ ನೋಡಿ ಬಂದೆ.

ಮೂವತ್ತೊಂದಕ್ಕೆ ಎಲ್ಲಿ ಹೋಗ್ತೀಯ? ಗಿಲ್‌ರಾಯಲ್ಲಿ ಒಂದು ಅಪಾರ್ಟ್‌ಮೆಂಟ್ ನೋಡ್ಲಾ? ನಮ್ಮನೆಗೆ ಬಾ ಅಂತ ಬರೆಯಲ್ಲ. ಕೇಳ್ತಿದೀನಿ ಅಷ್ಟೇ.

ಶೈಲಜಾ

*

ಅಲಿಸೋ
೨೬ ಜುಲೈ ೧೯೮೬

ಶೈಲಜಾ,

ಪಾಸ್‌ಪೋರ್ಟು ಬಂತು. ಫೋಟೋದಲ್ಲಿ ನಾನು ಯಾರ ಮೇಲೋ ಸಿಟ್ಟಾದ ಹಾಗಿದ್ದೇನೆ.

ಅಪಾರ್ಟ್‌ಮೆಂಟ್ ನೋಡಬೇಡ. ಇಡುನ್ ಕೂಡ ಅಂಗಡಿಯ ಹಿಂದೆ ಒಂದು ಕೋಣೆ ತೋರಿಸಿದಳು. ಥಾರ್, ನೋಟೀಸಿನವನು ಬಂದರೆ ಕಾರು ಸಮೇತ ಎತ್ತಿ ಊರಾಚೆ ಇಟ್ಟುಬರುತ್ತೇನೆ ಎಂದ. ಯಜಮಾನರಿಗೆ ಇನ್ನೂ ಮೂರು ಸುಳ್ಳು ಹೊಳೆದಿವೆ, ಒಂದಕ್ಕಿಂತ ಒಂದು ಚೆನ್ನಾಗಿವೆ. ಎಲ್ಲರಿಗೂ ಬೇಡ ಎಂದಿದ್ದೇನೆ. ಟೀರ್ ಮಾತ್ರ ಏನೂ ಕೊಡಲು ಬರಲಿಲ್ಲ. "ಏನ ಮಾಡ್ತೀರಿ ಅಕ್ಕೋರ?" ಎಂದು ಕೇಳಿದ.

"ಇರ್ತೀನಿ" ಅಂದೆ.

"ಕುಟುಂಬದವರಲ್ಲ ನೀವು."

"ಅಲ್ಲ. ಆದರೂ ಇರ್ತೀನಿ."

"ಅದನ್ನ ಬೇಕಾದ್ರ ಪ್ರಮಾಣ ಮಾಡಿ ಹೇಳ್ತೀನಿ" ಅಂದ. ಅವನು ನಕ್ಕದ್ದನ್ನು ನೋಡಿದ್ದು ಅದೇ ಮೊದಲು.

ಶುಕ್ರವಾರ, ಒಂದನೇ ತಾರೀಖು, ಬೆಳಗ್ಗೆ ಒಂಬತ್ತಕ್ಕೆ ಬಂದು ನೋಡುತ್ತಾರಂತೆ. ನೀನು ಕೆಲಸ ಬಿಟ್ಟು ಬರಬೇಕಿಲ್ಲ.

ಅವ್ವ

*

ಅಲಿಸೋ
೨ ಆಗಸ್ಟ್ ೧೯೮೬

ಶೈಲಜಾಳಿಗೆ,

ಬರಬೇಕಿಲ್ಲ ಎಂದರೆ ಬರುವುದು ನಿನ್ನ ಸ್ವಭಾವ ಎಂದು ನನಗೆ ಮೊದಲೇ ಗೊತ್ತಿರಬೇಕಿತ್ತು.

ನಿನ್ನೆ ನೀನು ನಿಂತದ್ದು ಹತ್ತೇ ನಿಮಿಷ, ಆಫೀಸಿಗೆ ಹೊತ್ತಾಯಿತೆಂದು ಹೊರಟೆ. ಆ ಹತ್ತು ನಿಮಿಷವನ್ನು ನಾನು ಪೂರ್ತಿ ಅರ್ಥ ಮಾಡಿಕೊಂಡಿರಲಿಲ್ಲ. ನೀನು ಬರುವುದಕ್ಕೆ ಮೊದಲು ಆ ಅಧಿಕಾರಿ ಮೆಟ್ಟಿಲ ಕೆಳಗೆ ನಿಂತು ಕೇಳಿದ್ದ, ಸಾಮಾನು ಕಟ್ಟಿಲ್ಲವೇ ಎಂದು. ಇಲ್ಲ ಅಂದೆ. ನೀವು ಈ ಮನೆಯವರಲ್ಲ ಎಂದು ಒಪ್ಪುತ್ತೀರಾ ಅಂದ. ಒಪ್ಪುತ್ತೇನೆ ಅಂದೆ. ಹೋಗುತ್ತೀರಾ ಅಂದ. ಹೋಗುವುದಿಲ್ಲ ಅಂದೆ. ಎರಡೂ ನಿಜ, ಎರಡನ್ನೂ ಬರೆದುಕೊಳ್ಳಿ ಅಂದೆ. ಅವನ ಕಾಗದದಲ್ಲಿ ಒಂದಕ್ಕೇ ಜಾಗವಿತ್ತು. ಅಷ್ಟರಲ್ಲಿ ನಿನ್ನ ಕಾರು ಬಂದು ಅವನ ಕಾರಿಗೆ ಅಡ್ಡ ನಿಂತಿತು.

ಅವನಿಗೆ ನಿನ್ನನ್ನು ಕಂಡು ಸಮಾಧಾನವಾಯಿತು. ಮಗಳು ಕರೆದೊಯ್ಯಲು ಬಂದಳು ಅಂದುಕೊಂಡ. ಆಮೇಲೆ ನೀನು ಇಂಗ್ಲಿಷಿನಲ್ಲಿ ಶುರುಮಾಡಿದೆ. ನಿನ್ನ ಇಂಗ್ಲಿಷ್ ಅಷ್ಟು ಜೋರಾಗಿ ಓಡುವುದನ್ನು ನಾನು ಕೇಳಿರಲಿಲ್ಲ. ನನಗೆ ಸಿಕ್ಕಿದ್ದು 'ಹೆಡ್ ಮಿಸ್ಟ್ರೆಸ್' ಒಂದೇ. ಆಗ ಪಕ್ಕದಲ್ಲೇ ನಿಂತಿದ್ದ ಟೀರ್‌ನನ್ನು ಸಂಜೆ ಕೂರಿಸಿ ಕೇಳಿದೆ. ಅವನು ನಿಧಾನವಾಗಿ, ಒಂದು ಮಾತೂ ಬಿಡದೆ, ಒಂದು ಮಾತೂ ಸೇರಿಸದೆ ಹೇಳಿದ. ಅವನ ಬಾಯಿಂದ ಬಂದದ್ದಾದ್ದರಿಂದ ನೀನು ಹೇಳಿದ್ದೇ ಅದು.

"ಈಕೆಗೆ ಹೋಗಲು ಜಾಗವಿಲ್ಲ ಎಂದು ನಿಮ್ಮ ಕಾಗದದಲ್ಲಿ ಬರೆಯಬೇಡಿ. ಈಕೆಗೆ ಮನೆಯಿದೆ. ಮಿಲ್ಪಿಟಾಸಿನಲ್ಲಿ ಮೂರು ಬೆಡ್‌ರೂಮಿನ ಮನೆ, ನನ್ನದು. ಅದು ಈಕೆಗೆ ಬೇಡ. ನಾನು ಕರೆದೆ, ಹೆದರಿಸಿದೆ, ಪಾಸ್‌ಪೋರ್ಟ್ ಅಡಗಿಸಿಟ್ಟೆ, ಬರಲಿಲ್ಲ. ನೀವು ಒಂದು ನೋಟೀಸು ಅಂಟಿಸಿದರೆ ಬರುತ್ತಾಳೆಯೇ? ಈಕೆ ಹೆಡ್ ಮಿಸ್ಟ್ರೆಸ್. ಇಲ್ಲಿ ಇರುತ್ತೇನೆ ಅಂದಿದ್ದಾರೆ. ಬರೆದುಕೊಳ್ಳಿ, ನಾನು ಸಹಿ ಹಾಕುತ್ತೇನೆ."

ಅಧಿಕಾರಿ ಬರೆದುಕೊಂಡನಂತೆ. ಕಾಗದದ ಹಿಂಬದಿಯಲ್ಲಿ ಬರೆದ. ನೀನು ಸಹಿ ಹಾಕಿದ್ದನ್ನು ನಾನೂ ನೋಡಿದೆ, ಏನಕ್ಕೆಂದು ಆಗ ಗೊತ್ತಿರಲಿಲ್ಲ.

ಮಧ್ಯಾಹ್ನ ಇನ್ನೊಂದು ನೋಟೀಸು ಬಂತು. ಅಕ್ಟೋಬರ್ ಹದಿನಾಲ್ಕಕ್ಕೆ ಕೋರ್ಟು. ಲಾಯರನ್ನು ಇಡಬೇಡ, ನನಗೆ ಹೇಳುವುದಿರುವುದು ಎರಡೇ ವಾಕ್ಯ. ಸೋತರೆ ಪೊಲೀಸರು ಬಂದು ಕೈ ಹಿಡಿದು ಕರೆದೊಯ್ಯಬೇಕಾಗುತ್ತದೆ. ಹಿಡಿಯಲಿ. ಎದುರು ಸಾಲಿನವರೆಲ್ಲ ಕಿಟಕಿಯಿಂದ ನೋಡಲಿ.

ಮುಂದಿನ ಭಾನುವಾರ, ಹತ್ತನೇ ತಾರೀಖು, ಮೈಥಿಲಿಯನ್ನು ಕರೆದುಕೊಂಡು ಬಾ. ನೋಡಿಕೊಳ್ಳಲಿ ಎಂದು ಬಿಟ್ಟುಹೋಗಬೇಡ, ನೀನೂ ಇರು. ಒಳಗೆ ಬಂದು ಕೂಡು. ಬೆಲ್ ಕೆಟ್ಟಿದೆ, ಜೋರಾಗಿ ಬಾಗಿಲು ಬಡಿ. ಅಧಿಕಾರಿ ಬಂದರೂ ಪೊಲೀಸರು ಬಂದರೂ ಈಗ ಈ ಮನೆಯ ಬಾಗಿಲು ತೆಗೆಯುವವಳು ನಾನೇ.

ನೀಲವ್ವ